ಪರಭಾಷೆಯ ಓದು, ಮನಸ್ಸಿನ ಅಳುಕು

ಪ್ರಶ್ನೆ: ಎರಡು ವರ್ಷಗಳಿಂದ ಜರ್ಮನ್ ಕಲಿಯುತ್ತಿದ್ದೇನೆ. ಮನೆಯಲ್ಲಿ ಓದಿದರೆ ಅರ್ಥವಾಗುವಂಥ ಗದ್ಯಭಾಗವೇ ಪರೀಕ್ಷೆಯಲ್ಲಿ ಎದುರಾದಾಗ ಎದೆ ಡವಡವ ಎನ್ನುತ್ತದೆ. ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ನನಗೆ ಭಾವನಾತ್ಮಕ ಬುದ್ಧಿಮತ್ತೆ ಕಡಿಮೆ ಎಂದು ಸಹಪಾಠಿಯೊಬ್ಬರು ಹೇಳಿದರು. ಓದಿಗೂ ಅದಕ್ಕೂ ನಿಜವಾಗಿ ಸಂಬಂಧವಿದೆಯೇ?

ಉತ್ತರ: ಸಂಬಂಧವಿದೆ. ಆದರೆ ನಿಮ್ಮ ಸಹಪಾಠಿ ಹಚ್ಚಿದ ಹಣೆಪಟ್ಟಿಯನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. 1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಈ ಪರಿಕಲ್ಪನೆಯನ್ನು ವಿವರಿಸಿದಾಗ, ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸಿ, ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ, ಆ ತಿಳಿವಳಿಕೆಯ ಬಲದಿಂದ ಆಲೋಚನೆಯನ್ನೂ ನಡೆಯನ್ನೂ ರೂಪಿಸಿಕೊಳ್ಳುವ ಸಾಮರ್ಥ್ಯವೆಂದು ಅದನ್ನು ಗುರುತಿಸಿದರು. ಓದುಗನಿಗೆ ಇದರಲ್ಲಿ ಬಹಳ ಮುಖ್ಯವಾದದ್ದು ಬೇರ್ಪಡಿಸುವ ಕೆಲಸವೆಂದು ನನಗೆ ತೋರುತ್ತದೆ. ‘ಈ ಪದ ನನಗೆ ಗೊತ್ತಿಲ್ಲ’ ಎಂಬುದು ಒಂದು ಸಂಗತಿ, ‘ನನಗೆ ಭಯವಾಗಿದೆ’ ಎಂಬುದು ಇನ್ನೊಂದು. ಪರೀಕ್ಷೆಯ ಕೊಠಡಿಯಲ್ಲಿ ಇವೆರಡೂ ಕಲಸಿಹೋಗಿ, ಇಡೀ ಪುಟವೇ ಗೊತ್ತಿಲ್ಲವೆಂಬಂತೆ ಕಾಣಿಸುತ್ತದೆ.

ಈ ಅಳುಕು ನಿಮ್ಮೊಬ್ಬರದೇ ಅಲ್ಲ. ಫ್ರೆಂಚ್, ರಷ್ಯನ್ ಮತ್ತು ಜಪಾನೀಸ್ ಕಲಿಯುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಕುರಿತು ಸೈಟೊ, ಗಾರ್ಜಾ ಮತ್ತು ಹಾರ್ವಿಟ್ಜ್ 1999ರಲ್ಲಿ ಪ್ರಕಟಿಸಿದ ಅಧ್ಯಯನವು, ಪರಭಾಷೆಯನ್ನು ಓದುವಾಗಿನ ಆತಂಕವು ಆ ಭಾಷೆಯ ಬಗೆಗಿನ ಒಟ್ಟಾರೆ ಆತಂಕಕ್ಕೆ ಹೊಂದಿಕೊಂಡಿದ್ದರೂ ಅದರಿಂದ ಬೇರೆಯದೇ ಆದದ್ದೆಂದು ತೋರಿಸಿತು.

ಅದು ಓದನ್ನು ಕೆಡಿಸುವ ಬಗೆಯನ್ನು ನಿಮ್ಮ ಜರ್ಮನ್‌ನಲ್ಲೇ ನೋಡಬಹುದು. ‘ವೈಲ್’ (ಏಕೆಂದರೆ) ಎಂದು ಆರಂಭವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಅಲ್ಲಿಯವರೆಗೂ ಯಾರು, ಯಾರಿಗೆ, ಯಾವಾಗ ಎಂಬುದನ್ನೆಲ್ಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರಬೇಕು. ಹಾಗೆ ಹಿಡಿದಿಡುವ ಜಾಗ ಕಿರಿದು. ‘ಸಮಯ ಮೀರುತ್ತಿದೆ’ ಎಂಬ ಚಿಂತೆ ಅಲ್ಲಿಗೆ ನುಗ್ಗಿದರೆ ವಾಕ್ಯದ ತಲೆಭಾಗ ಜಾರಿಹೋಗುತ್ತದೆ, ಕಣ್ಣು ಮತ್ತೆ ಮೊದಲಿಗೆ ಬರುತ್ತದೆ. ಕನ್ನಡದಲ್ಲಿಯೂ ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುತ್ತೇವಲ್ಲ, ಅಲ್ಲಿ ನಮಗೆ ಗಾಬರಿಯೇ ಆಗುವುದಿಲ್ಲ. ಅಂದರೆ ಕಾಯುವ ಅಭ್ಯಾಸ ನಿಮ್ಮಲ್ಲಿ ಆಗಲೇ ಇದೆ.

ಭಾವನೆಯನ್ನು ಸಂಭಾಳಿಸಿದ ಮಾತ್ರಕ್ಕೆ ಪದಸಂಪತ್ತು ಬೆಳೆಯುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಮನೆಯಲ್ಲಿ ನಿಶ್ಚಿಂತೆಯಿಂದ ಓದಿದಾಗಲೂ ಸಾಲುಸಾಲಿಗೆ ತಡವರಿಸುವವರು ಮೊದಲು ಪದಗಳನ್ನೇ ಕಲಿಯಬೇಕು. ನಿಮ್ಮ ತೊಡಕು ಅದಲ್ಲ.

ಆದ್ದರಿಂದ ಮನೆಯಲ್ಲಿಯೇ ಗಡಿಯಾರ ಇಟ್ಟುಕೊಂಡು ಓದಲು ಕುಳಿತುಕೊಳ್ಳಿ. ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆಯಿರಿ. ಗಾಬರಿಯಾದ ಕಡೆ ಅಂಚಿನಲ್ಲಿ ಒಂದು ಚುಕ್ಕೆ ಇಡಿ, ಉಸಿರನ್ನು ನಿಧಾನವಾಗಿ ಬಿಟ್ಟು, ಹಿಂದಕ್ಕೆ ಹೋಗದೆ ಪೂರ್ಣವಿರಾಮದವರೆಗೆ ಓದಿ. ಮುಗಿದ ಮೇಲೆ ಚುಕ್ಕೆಗಳಿರುವ ಸಾಲುಗಳನ್ನು ಮತ್ತೊಮ್ಮೆ ನೋಡಿ. ಅವುಗಳಲ್ಲಿ ಎಷ್ಟರ ಕೆಳಗೆ ಗೆರೆಯೇ ಇಲ್ಲ ಎಂಬುದನ್ನು ಎಣಿಸಿ, ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ.