ನಿಮ್ಮ ಲಿಂಫೋಮಾ ಲೇಖನ: ಹಾಕುತ್ತೇವೆ, ಆದರೆ ಹೀಗಲ್ಲ

ನಮಸ್ಕಾರ.

ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳಲ್ಲಿ ಹುಟ್ಟಿ ಹೆಚ್ಚಾಗಿ ದುಗ್ಧಗ್ರಂಥಿಗಳಲ್ಲಿ ಗಂಟಾಗಿ ಕಾಣುವ ಕ್ಯಾನ್ಸರ್ ಬಗ್ಗೆ ನೀವು ಕಳಿಸಿದ ‘ಲಿಂಫೋಮಾದ ಬಗೆಗಳು’ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡುವ ಲೇಖನವೂ ಅಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಒಂದಾದ ಮೇಲೊಂದು ಬಗೆಯ ಹೆಸರು ಹೇಳಿ, ಪ್ರತಿಯೊಂದಕ್ಕೂ ಎರಡೆರಡು ಸಾಲು ಕೊಟ್ಟಿದ್ದೀರಿ. ಹಾಜರಿ ಕರೆದ ಹಾಗಿದೆ. ಇದನ್ನು ಓದುವವರು ಯಾರು ಹೇಳಿ? ಮಗನ ಕತ್ತಿನ ಗಂಟಿನ ಬಯಾಪ್ಸಿ ರಿಪೋರ್ಟ್ ಮಡಿಲಲ್ಲಿಟ್ಟುಕೊಂಡು, ಡಾಕ್ಟರ್ ಕರೆಯುವವರೆಗೆ ಮೊಬೈಲ್ ನೋಡುತ್ತಾ ಕೂತ ತಾಯಿ. ಒಟ್ಟು ಅರವತ್ತಕ್ಕೂ ಜಾಸ್ತಿ ಬಗೆ ಇವೆ ಅಂತ ತಿಳಿದು ಆಕೆಗೇನಾಗಬೇಕು? ಮಗನಿಗೆ ಬಂದಿರುವುದು ಯಾವುದು, ಅದರಿಂದ ಚಿಕಿತ್ಸೆ ಹೇಗೆ ಬದಲಾಗುತ್ತದೆ, ಇಷ್ಟು ಬೇಕು. ಲೇಖನವನ್ನು ಆ ರಿಪೋರ್ಟಿನಿಂದಲೇ ಶುರು ಮಾಡಿ.

ಥಾಮಸ್ ಹಾಡ್ಜ್‌ಕಿನ್ ಬಗ್ಗೆ ಇಡೀ ಒಂದು ಪುಟ ಯಾಕೆ? 1832ರಲ್ಲಿ ಲಂಡನ್ನಿನ ವೈದ್ಯರೊಬ್ಬರು ಹಾಡ್ಜ್‌ಕಿನ್ ಬಗೆಯ ಲಿಂಫೋಮಾವನ್ನು ಮೊದಲು ವಿವರಿಸಿದರು ಅಂದರೆ ಸಾಕು. ಬದಲಿಗೆ ಸೂಕ್ಷ್ಮದರ್ಶಕದಲ್ಲಿ ಕಾಣುವ ರೀಡ್-ಸ್ಟರ್ನ್‌ಬರ್ಗ್ ಕೋಶದ ಬಗ್ಗೆ ಬರೆಯಿರಿ. ದೊಡ್ಡ ಕೋಶ, ಒಳಗೆ ಅಕ್ಕಪಕ್ಕ ಎರಡು ನ್ಯೂಕ್ಲಿಯಸ್. ಪ್ಯಾಥಾಲಜಿಯವರು ಅದನ್ನು ಗೂಬೆ ಕಣ್ಣು ಅನ್ನುತ್ತಾರೆ. ಹಾಡ್ಜ್‌ಕಿನ್ ಬಗೆಯನ್ನು ಉಳಿದವುಗಳಿಂದ ಬೇರೆ ಮಾಡುವ ಮುಖ್ಯ ಗುರುತು ಅದು. ಮತ್ತೆ, ಹಾಡ್ಜ್‌ಕಿನ್ ಬಗೆಯನ್ನು ‘ಮಾರಕ ರೋಗ’ ಅಂದಿದ್ದೀರಿ. ತೆಗೆಯಿರಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಜನ ಗುಣವಾಗುವ ಕ್ಯಾನ್ಸರ್ ಅದು. ‘ನಾಲ್ಕನೇ ಹಂತ ಅಂದರೆ ಕೊನೆ’ ಅನ್ನುವ ಸಾಲನ್ನೂ ಹೊಡೆದು ಹಾಕಿದ್ದೇನೆ. ಲಿಂಫೋಮಾದಲ್ಲಿ ನಾಲ್ಕನೇ ಹಂತದಲ್ಲಿದ್ದೂ ಗುಣವಾದವರು ಎಷ್ಟೋ ಜನ.

ಇನ್ನು ನಾನ್-ಹಾಡ್ಜ್‌ಕಿನ್, ಅಂದರೆ ಉಳಿದ ಬಗೆಗಳೆಲ್ಲ. ‘ನಿಧಾನವಾಗಿ ಬೆಳೆಯುವುದು ಒಳ್ಳೆಯದು, ವೇಗವಾಗಿ ಬೆಳೆಯುವುದು ಕೆಟ್ಟದ್ದು’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ನಿಮ್ಮ ಲೇಖನದ ಜೀವ ಇರುವುದೇ ಇಲ್ಲಿ, ನೀವು ಮಾತ್ರ ದಾಟಿಕೊಂಡು ಹೋಗಿಬಿಟ್ಟಿರಿ. ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ವಾರಗಳಲ್ಲೇ ಬೆಳೆಯುತ್ತದೆ, ಆದರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಪೂರ್ತಿ ಗುಣವಾಗುತ್ತದೆ. ಬರ್ಕಿಟ್ ಲಿಂಫೋಮಾ ಇನ್ನೂ ಜೋರು. ಒಂದೆರಡು ದಿನದಲ್ಲಿ ಗಡ್ಡೆ ಎರಡು ಪಟ್ಟು ಆಗಬಹುದು. ತಡಮಾಡದೆ ಕೀಮೋ ಕೊಟ್ಟರೆ ಮಕ್ಕಳು ಹೆಚ್ಚಾಗಿ ಚೇತರಿಸಿಕೊಳ್ಳುತ್ತಾರೆ. ಫಾಲಿಕ್ಯುಲರ್ ಇದಕ್ಕೆ ಉಲ್ಟಾ. ವರ್ಷಗಟ್ಟಲೆ ಸುಮ್ನೆ ಇರುತ್ತದೆ, ಚಿಕಿತ್ಸೆಗೆ ಕರಗುತ್ತದೆ, ಮತ್ತೆ ಬರುತ್ತದೆ. ಪೂರ್ತಿ ಹೋಗುವುದು ಕಡಿಮೆ, ಆದರೆ ಅದರ ಜೊತೆಗೇ ಹತ್ತಿಪ್ಪತ್ತು ವರ್ಷ ಬದುಕುವವರಿದ್ದಾರೆ. ತೊಂದರೆ ಕೊಡದಿದ್ದರೆ ಡಾಕ್ಟರ್ ಔಷಧಿಯನ್ನೇ ಶುರು ಮಾಡದೆ, ಆಗಾಗ ಬಂದು ತೋರಿಸಿ ಅನ್ನುತ್ತಾರೆ. ‘ಕ್ಯಾನ್ಸರ್ ಅಂತಾರೆ, ಔಷಧಿ ಬೇಡ ಅಂತಾರೆ, ಇದೇನು ಕಥೆ!’ ಅಂತ ಮನೆಯವರು ಬೇರೆ ಆಸ್ಪತ್ರೆಗೆ ಓಡುವುದು ಆಗಲೇ. ಈ ಗಾಬರಿಗೆ ಉತ್ತರ ಕೊಡಿ.

ರಿಪೋರ್ಟಿನಲ್ಲಿ ‘ಸಿಡಿ20 ಪಾಸಿಟಿವ್’ ಅಂತ ಇರುತ್ತದಲ್ಲ, ಅದನ್ನು ನೀವು ಮುಟ್ಟೇ ಇಲ್ಲ. ಅದು ಬಿ-ಸೆಲ್ ಅನ್ನುವ ಬಿಳಿ ರಕ್ತಕಣದ ಮೇಲಿರುವ ಒಂದು ಪ್ರೋಟೀನ್. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಿಟುಕ್ಸಿಮ್ಯಾಬ್ ಅನ್ನುವ ಔಷಧಿ ಅದನ್ನೇ ಹಿಡಿದುಕೊಂಡು ಕೆಲಸ ಮಾಡುತ್ತದೆ. ಟಿ-ಸೆಲ್ ಅನ್ನುವ ಇನ್ನೊಂದು ಬಿಳಿ ರಕ್ತಕಣದಿಂದ ಹುಟ್ಟುವ ಬಗೆಗಳಲ್ಲಿ ಸಾಮಾನ್ಯವಾಗಿ ಆ ಪ್ರೋಟೀನ್ ಇರುವುದಿಲ್ಲ, ಹಾಗಾಗಿ ಆ ಔಷಧಿ ನಾಟುವುದಿಲ್ಲ. ಹೊಟ್ಟೆಯ ಒಳಪದರದಲ್ಲಿ ಹುಟ್ಟುವ ಮಾಲ್ಟ್ ಲಿಂಫೋಮಾ ಕೂಡ ಬಿಟ್ಟುಹೋಗಿದೆ. ಹೆಲಿಕೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾದಿಂದ ಬಂದಿದ್ದರೆ ಎಷ್ಟೋ ಸಲ ಆ್ಯಂಟಿಬಯಾಟಿಕ್‌ಗೇ ಅದು ಕರಗುತ್ತದೆ. ಓದುಗರು ಹುಬ್ಬೇರಿಸುವ ವಿಷಯ, ಅಲ್ವಾ?

ಟಿಬಿ ಬಗ್ಗೆ ಒಂದಕ್ಷರವೂ ಇಲ್ಲದಿರುವುದು ದೊಡ್ಡ ಕೊರತೆ. ನಮ್ಮ ಕಡೆ ಕತ್ತಿನ ಗಂಟು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಅಂದ ತಕ್ಷಣ ಮೊದಲು ನೆನಪಾಗುವುದೇ ಟಿಬಿ. ಲಿಂಫೋಮಾದ ಲಕ್ಷಣಗಳೂ ಇವೇ. ಬರೀ ಸೂಜಿ ಪರೀಕ್ಷೆ ನಂಬಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿ, ಆಮೇಲೆ ಲಿಂಫೋಮಾ ಅಂತ ಗೊತ್ತಾಗುವವರಿದ್ದಾರೆ. ಸೂಜಿಗೆ ಸಿಗುವುದು ಚೂರೇ ಚೂರು ಕೋಶ, ಬಗೆ ಹೇಳಲು ಅದು ಸಾಲದು. ಸಾಧ್ಯವಾದರೆ ಗಂಟನ್ನು ಇಡಿಯಾಗಿ ತೆಗೆದೇ ಪರೀಕ್ಷೆಗೆ ಕಳಿಸಬೇಕು. ಅದಕ್ಕೂ ಮುಂಚೆ ಸ್ಟೀರಾಯ್ಡ್ ಕೊಟ್ಟರೆ ಗಂಟು ಕುಗ್ಗಿ, ರೋಗದ ಗುರುತೇ ಮಸುಕಾಗಬಹುದು. ಇದಕ್ಕೊಂದು ಪ್ಯಾರಾ ಬೇಕೇ ಬೇಕು. ಜೊತೆಗೆ, ಎಲ್ಲ ಗಂಟೂ ಲಿಂಫೋಮಾ ಅಲ್ಲ ಅನ್ನುವುದನ್ನೂ ಹೇಳಿ, ಸುಮ್ನೆ ಹೆದರಿಸಬೇಡಿ.

ಲಕ್ಷ್ಮಣಫಲದ ಬಾಕ್ಸ್ ಹಾಕುವುದಿಲ್ಲ. ಅದರಿಂದ ಲಿಂಫೋಮಾ ಗುಣವಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಚರ್ಚೆಯೂ ಬೇಡ.

ಕೊನೆಯ ಪುಟದಲ್ಲಿ ನಿಮ್ಮ ಚಿಕ್ಕಪ್ಪನ ಮಾತು ಬರುತ್ತದೆ. ಮದುವೆ ಮನೆಗೆ ಹೊರಟವರಿಗೆ ಅಂಗಿಯ ಕಾಲರ್ ಗುಂಡಿ ಕೂರದೆ ಗಂಟು ಗೊತ್ತಾಯಿತು ಅಂತ. ಇಡೀ ಲೇಖನದಲ್ಲಿ ನೀವೇ ಕಂಡು ಬರೆದದ್ದು ಅದೊಂದೇ. ಅಷ್ಟು ಬರೆದೂ ಅವರದು ಯಾವ ಬಗೆ ಅಂತ ಹೇಳೇ ಇಲ್ಲ. ಅವರ ಒಪ್ಪಿಗೆ ಇದ್ದರೆ ಕೇಳಿ ಬರೆಯಿರಿ. ಅದನ್ನು ಮೊದಲ ಪುಟಕ್ಕೆ ತನ್ನಿ. ಒಬ್ಬ ರಕ್ತರೋಗ ತಜ್ಞರಿಗೆ ಓದಿಸಿ, 900 ಪದಕ್ಕೆ ಇಳಿಸಿ ಕಳಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.