ಪ್ಲಂಬರ್ ಗಾಯಕ ಸೋತಿಲ್ಲ

ಓದುಗರ ಪತ್ರ: ಟಿವಿ ಹಾಡಿನ ಸ್ಪರ್ಧೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ ನಾರ್ವೆಯ ಕುರ್ಟ್ ನಿಲ್ಸನ್ ಅವರನ್ನು ಹೊಗಳಿದ್ದೀರಿ. ‘ವರ್ಲ್ಡ್ ಐಡಲ್’ ಗೆದ್ದವರಂತೆ. ಆದರೆ ಅವರ ಎದುರು ಸೋತ ಅಮೆರಿಕದ ಗಾಯಕಿ ಕೆಲ್ಲಿ ಕ್ಲಾರ್ಕ್ಸನ್ ಇಡೀ ಜಗತ್ತಿಗೆ ಗೊತ್ತು. ಕುರ್ಟ್ ಹೆಸರು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ಗೆದ್ದೂ ಸೋತ ಹಾಗಲ್ಲವೇ ಇದು? ಇಂಥ ಸ್ಪರ್ಧೆಯಿಂದ ಗಾಯಕರಿಗೆ ಆಗುವ ಲಾಭವಾದರೂ ಏನು?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ‘ಸೋತ ಹಾಗೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕುರ್ಟ್ ನಿಲ್ಸನ್ ಬೆರ್ಗೆನ್ ಊರಿನವರು. ನಾರ್ವೆಯ ಪಶ್ಚಿಮ ಕರಾವಳಿಯ ಊರು, ವರ್ಷವಿಡೀ ಮಳೆ ಜಾಸ್ತಿ. ಅಲ್ಲಿ ಅವರು ಪ್ಲಂಬರ್ ಆಗಿದ್ದರು. ಜೊತೆಗೆ ಫೆನ್ರಿಕ್ ಲೇನ್ ಎಂಬ ಬ್ಯಾಂಡಿನಲ್ಲಿ ಹಾಡುತ್ತಿದ್ದರು. 2003ರಲ್ಲಿ ನಾರ್ವೆಯ ಮೊದಲ ‘ಐಡಲ್’ ಟಿವಿ ಹಾಡಿನ ಸ್ಪರ್ಧೆ ಗೆದ್ದಾಗ ಅವರಿಗೆ 24 ವರ್ಷ. ಅಂದರೆ ಟಿವಿ ಅವರನ್ನು ಗಾಯಕ ಮಾಡಲಿಲ್ಲ. ಇದ್ದ ಗಾಯಕನನ್ನು ಮನೆಮನೆಗೆ ತಲುಪಿಸಿತು, ಅಷ್ಟೇ.

ಅದೇ ವರ್ಷದ ಕೊನೆಗೆ ಬೇರೆ ಬೇರೆ ದೇಶಗಳ ಐಡಲ್ ವಿಜೇತರನ್ನು ಲಂಡನ್ನಿನಲ್ಲಿ ಸೇರಿಸಿ ‘ವರ್ಲ್ಡ್ ಐಡಲ್’ ನಡೆಸಿದರು. ಒಟ್ಟು 11 ಸ್ಪರ್ಧಿಗಳು. ಕುರ್ಟ್ ಅವರ ಮುಂದಿನ ಎರಡು ಹಲ್ಲುಗಳ ನಡುವೆ ಎದ್ದು ಕಾಣುವ ಸಂದು. ದುಂಡು ಮುಖ, ಸಾದಾ ಮೈಕಟ್ಟು. ಅವರು ಹಾಡಿ ಮುಗಿಸಿದ ಮೇಲೆ ತೀರ್ಪುಗಾರರೊಬ್ಬರು ಹೇಳಿದ್ದು ಹೆಚ್ಚುಕಡಿಮೆ ಹೀಗೆ: ದನಿ ದೇವದೂತನದು, ರೂಪ ಮಾತ್ರ ಹಾಬಿಟ್‌ನದು. ಹಾಬಿಟ್ ಅಂದರೆ ಆಗ ಸಿನಿಮಾದಲ್ಲಿ ಹೆಸರಾಗಿದ್ದ ಕುಳ್ಳರ ಜಾತಿ. ಲಕ್ಷಾಂತರ ಜನ ನೋಡುತ್ತಿರುವಾಗ ಒಬ್ಬರ ಮುಖದ ಮೇಲೆ ಹೀಗೆ ಅನ್ನುವುದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ನೋಡುಗರು ಕಿವಿಯಿಂದಲೇ ತೀರ್ಮಾನ ಮಾಡಿದರು. 2004ರ ಜನವರಿ 1ರಂದು ಫಲಿತಾಂಶ ಬಂದಾಗ ಕುರ್ಟ್ ಮೊದಲು, ಕೆಲ್ಲಿ ಎರಡನೆಯವರು. ಒಂದು ವಿಷಯ ಗಮನಿಸಿ: ಯಾರೂ ತಮ್ಮ ದೇಶದ ಗಾಯಕರಿಗೆ ವೋಟು ಹಾಕುವಂತಿರಲಿಲ್ಲ. ಕುರ್ಟ್ ಅವರನ್ನು ಗೆಲ್ಲಿಸಿದ್ದು ಅವರ ಹೆಸರೇ ಕೇಳಿರದ ಪರದೇಶದವರು.

ಹಾಗಾದರೆ ಆಮೇಲೆ ಕೆಲ್ಲಿ ಯಾಕೆ ಮುಂದೆ ಹೋದರು? ಕೆಲ್ಲಿ ದೊಡ್ಡ ಗಾಯಕಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಬೆನ್ನಿಗೆ ಅಮೆರಿಕದಂಥ ದೊಡ್ಡ ಮಾರುಕಟ್ಟೆ ಇತ್ತು. ನಾರ್ವೆಯಲ್ಲಿ ಆಗ ಇದ್ದದ್ದು ಸುಮಾರು 45 ಲಕ್ಷ ಜನ, ನಮ್ಮ ಬೆಂಗಳೂರಿಗಿಂತಲೂ ಕಡಿಮೆ. ಅಲ್ಲಿನ ಗಾಯಕ ಹೊರಗೆ ಗೆಲ್ಲಬೇಕಾದರೆ ಬೇರೆ ದೇಶದ ಕಂಪನಿಗಳು, ರೇಡಿಯೋಗಳು ಕೈಹಿಡಿಯಬೇಕು. ಒಂದು ರಾತ್ರಿಯ ಪಟ್ಟಕ್ಕೆ ಅಷ್ಟು ದಿನ ಬಾಳಿಕೆ ಇರುವುದಿಲ್ಲ. ನಾವೋ, ಗೆದ್ದೆತ್ತಿನ ಬಾಲ ಹಿಡಿಯುವವರು. ಅಮೆರಿಕದಲ್ಲಿ ಗೆದ್ದರೆ ಮಾತ್ರ ಗೆಲುವು ಅಂತ ಲೆಕ್ಕ ಹಾಕುತ್ತೇವೆ, ಅಲ್ವಾ?

ನಾರ್ವೆಯೊಳಗೆ ನೋಡಿದರೆ ಚಿತ್ರವೇ ಬೇರೆ. 2006ರಲ್ಲಿ ಎಸ್ಪೆನ್ ಲಿಂಡ್, ಅಸ್ಕಿಲ್ ಹೋಲ್ಮ್, ಅಲೆಹಾಂದ್ರೊ ಫುಯೆಂತೆಸ್ ಜೊತೆ ಸೇರಿ ಕುರ್ಟ್ ಊರೂರು ಸುತ್ತಿದರು. ನಾಲ್ವರು ಗಾಯಕರು, ನಾಲ್ಕು ಗಿಟಾರು. ಆ ಕಾರ್ಯಕ್ರಮದ ರೆಕಾರ್ಡಿಂಗ್ ಅಲ್ಲಿ ಒಂದನೇ ಸ್ಥಾನಕ್ಕೇರಿತು. 2008ರಲ್ಲಿ ಅಮೆರಿಕದ ಹಳ್ಳಿಗಾಡಿನ ಶೈಲಿಯಾದ ಕಂಟ್ರಿ ಸಂಗೀತದ ಕಡೆ ಹೊರಳಿ, ಅಲ್ಲಿನ ಹಿರಿಯ ಗಾಯಕ ವಿಲ್ಲಿ ನೆಲ್ಸನ್ ಜೊತೆ ಹಾಡಿದರು. 2010ರಲ್ಲಿ ನಾರ್ವೆ ರೇಡಿಯೋದ ವಾದ್ಯವೃಂದದ ಜೊತೆ ಕ್ರಿಸ್‌ಮಸ್ ಹಾಡುಗಳ ಆಲ್ಬಂ ತಂದರು. ಡಿಸೆಂಬರ್ ಬಂತೆಂದರೆ ಕುರ್ಟ್ ಅವರ ಸಂಗೀತ ಕಚೇರಿಗೆ ಟಿಕೆಟ್ ತೆಗೆಸುವುದು ನಾರ್ವೆಯ ಎಷ್ಟೋ ಮನೆಗಳಲ್ಲಿ ಹಬ್ಬದ ತಯಾರಿಯ ಭಾಗ. ಸ್ಪರ್ಧೆ ಮುಗಿದು ಇಷ್ಟು ವರ್ಷವಾದ ಮೇಲೂ ಒಬ್ಬ ಗಾಯಕ ಹಾಡಿಯೇ ಬದುಕುತ್ತಿದ್ದಾರೆ, ಜನ ದುಡ್ಡು ಕೊಟ್ಟು ಕೇಳುತ್ತಿದ್ದಾರೆ. ಇದನ್ನು ಸೋಲು ಅನ್ನಲು ನನ್ನಿಂದ ಆಗದು.

ಇನ್ನು ಲಾಭದ ಪ್ರಶ್ನೆ. ಅದೇ ನಾರ್ವೆಯ ಮಾರ್ಗರೆಟ್ ಬರ್ಗರ್ 2004ರ ಐಡಲ್‌ನಲ್ಲಿ ಎರಡನೆಯವರು. ಅವರು ಎಲೆಕ್ಟ್ರಾನಿಕ್ ಪಾಪ್ ಹಿಡಿದರು, ನಡುವೆ ರೇಡಿಯೋದಲ್ಲಿ ಸಂಗೀತ ವಿಭಾಗದ ಕೆಲಸ ಮಾಡಿದರು. 2013ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ನಡೆದ, ಯೂರೋಪಿನ ದೇಶಗಳ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ನಲ್ಲಿ ನಾರ್ವೆಗೆ ನಾಲ್ಕನೇ ಸ್ಥಾನ ತಂದುಕೊಟ್ಟರು. ಅದೇ 2013ರ ಐಡಲ್‌ನಲ್ಲಿ ಆಸ್ಟ್ರಿಡ್ ಎಸ್ ಎಂಬ ಹುಡುಗಿ ಬರೀ ಐದನೇ ಸ್ಥಾನಕ್ಕೆ ನಿಂತಳು. ನಾರ್ವೆಯ ಆಚೆ ಇವತ್ತು ಹುಡುಗರು ಕೇಳುವುದು ಅವಳ ಹಾಡುಗಳನ್ನು. ಸ್ಪರ್ಧೆ ಇವರೆಲ್ಲರಿಗೂ ಕೊಟ್ಟದ್ದು ಕೆಲವು ವಾರಗಳ ಗುರುತು. ಮುಂದಿನ ಹಾಡನ್ನು ತಾವೇ ಹುಡುಕಿಕೊಂಡರು.

ಕುರ್ಟ್ ಅವರನ್ನು ನೀವು ಇನ್ನೂ ಕೇಳಿಲ್ಲವಾದರೆ ‘ವರ್ಲ್ಡ್ ಐಡಲ್’ ತುಣುಕಿನಿಂದ ಶುರು ಮಾಡಬೇಡಿ. ನಾಲ್ವರು ಗಿಟಾರ್ ಹಿಡಿದು ಹಾಡಿದ 2006ರ ರೆಕಾರ್ಡಿಂಗ್ ಕೇಳಿ. ಮನೆಯವರನ್ನೂ ಕೂರಿಸಿಕೊಳ್ಳಿ. ಆಮೇಲೆ ಅವರಿಗೆ ಏನನ್ನಿಸಿತು ಅಂತ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.