ಹತ್ತು ಸಲ ಬರೆಸಿದರೂ ಮಗ ಡಿಕ್ಟೇಷನ್ ಪದ ಮರೆಯುತ್ತಾನೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಮನೆಯ ಗುರುವಾರದ ರಾತ್ರಿಗಳು ನೆನಪಾದವು. ನಿಮ್ಮ ಮಗ ಮೂರನೇ ಕ್ಲಾಸು, ಪ್ರತಿ ಶುಕ್ರವಾರ ಹತ್ತು ಕನ್ನಡ ಪದ, ಹತ್ತು ಇಂಗ್ಲಿಷ್ ಪದದ ಡಿಕ್ಟೇಷನ್, ಮನೆಯಲ್ಲಿ ಆಡುವುದು ಕೊಡಗಿನ ಕೊಡವ ತಕ್ಕ್ ಭಾಷೆ. ಒಂದೊಂದು ಪದವನ್ನೂ ಹತ್ತು ಸಲ ಬರೆಸಿದರೂ ಮುಂದಿನ ವಾರಕ್ಕೆ ಮರೆತಿರುತ್ತಾನೆ ಅಂದಿದ್ದೀರಿ. ನಾವೂ ವಿರಾಜಪೇಟೆ ಕಡೆಯವರು, ಮನೆಮಾತು ಅದೇ. ನಮ್ಮ ಮಗಳು ಈಗ ಐದನೇ ಕ್ಲಾಸು.

ಮೊದಲು ಆ ಹತ್ತು ಸಲ ಬರೆಸುವುದನ್ನು ಬಿಟ್ಟುಬಿಡಿ. ನಾನೂ ಒಂದು ವರ್ಷ ಅದನ್ನೇ ಮಾಡಿಸಿದೆ. ಒಂದು ದಿನ ಪಕ್ಕದಲ್ಲೇ ಕೂತು ನೋಡಿದೆ. 'ತೀರ್ಥ' ಬರೆಯಬೇಕಿತ್ತು. ಅವಳು ಮೇಲಿಂದ ಕೆಳಗಿನವರೆಗೆ ಹತ್ತು 'ತೀ' ಬರೆದಳು. ಆಮೇಲೆ ಹತ್ತು 'ಥ'. ಕೊನೆಗೆ ಹತ್ತು ಅರ್ಕಾವತ್ತು, ಸಾಲಾಗಿ. ಕೈ ಓಡುತ್ತಿತ್ತು, ಪದ ಮಾತ್ರ ತಲೆಗೆ ಹೋಗಿರಲೇ ಇಲ್ಲ.

ಈಗ ನಾವು ಮಾಡುವುದು ಇಷ್ಟು. ಪದ ನೋಡುತ್ತಾಳೆ, ಗಟ್ಟಿಯಾಗಿ ಹೇಳುತ್ತಾಳೆ, ಪುಸ್ತಕ ಮುಚ್ಚುತ್ತಾಳೆ, ನೆನಪಿನಿಂದ ಬರೆಯುತ್ತಾಳೆ. ತೆರೆದು ತಾಳೆ ನೋಡುವುದೂ ಅವಳೇ. ತಪ್ಪನ್ನು ನಾನು ತೋರಿಸುವುದಿಲ್ಲ. ತಾನೇ ಹುಡುಕಿದ ತಪ್ಪು ಜಾಸ್ತಿ ದಿನ ನೆನಪಿರುತ್ತದೆ. ಸೋಮವಾರ ನಾಲ್ಕು ಪದ, ಮಂಗಳವಾರ ಹಳೆಯ ನಾಲ್ಕರ ಜೊತೆ ಹೊಸದು ಮೂರು, ಹೀಗೆ. ದಿನಕ್ಕೆ ಹತ್ತು ನಿಮಿಷ ಸಾಕು. ಗುರುವಾರ ರಾತ್ರಿ ಒಟ್ಟಿಗೆ ಒಂದು ಗಂಟೆ ಕೂರಿಸಿದರೆ ಶುಕ್ರವಾರದ ಮಾರ್ಕು ಬರುತ್ತದೆ, ಸೋಮವಾರಕ್ಕೆ ಪದ ಹೋಗಿರುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಮಾಡಿದಾಗ, ಹಾಳೆ ಮುಚ್ಚಿ ನೆನಪಿಸಿಕೊಂಡು ಬರೆದವರೇ ಮುಂದಿದ್ದರು.

ಇನ್ನೊಂದು ಮಾತು. ಮಗನ ಹಳೆಯ ಡಿಕ್ಟೇಷನ್ ಪುಸ್ತಕ ತೆಗೆದು, ತಪ್ಪುಗಳನ್ನು ಮಾತ್ರ ಒಂದು ಹಾಳೆಗೆ ಬರೆದುಕೊಳ್ಳಿ. ಮೂವತ್ತು ತಪ್ಪು ಇದ್ದರೂ ಬಗೆ ಮೂರೋ ನಾಲ್ಕೋ ಇರುತ್ತದೆ. ಮಗಳದ್ದರಲ್ಲಿ ಅರ್ಧಕ್ಕರ್ಧ ಮಹಾಪ್ರಾಣದ್ದು. ನಮ್ಮ ತಕ್ಕ್‌ನಲ್ಲಿ ಮಹಾಪ್ರಾಣ ಇಲ್ಲವಲ್ಲ, ಅವಳ ಕಿವಿಗೆ 'ತ'ಕ್ಕೂ 'ಥ'ಕ್ಕೂ ವ್ಯತ್ಯಾಸವೇ ಕೇಳುತ್ತಿರಲಿಲ್ಲ. ಅದು ಅಸಡ್ಡೆ ಅಲ್ಲ, ದಯವಿಟ್ಟು ಬೈಯಬೇಡಿ. ಒಂದು ತೆಳು ಕಾಗದದ ಚೂರನ್ನು ಬಾಯಿ ಮುಂದೆ ಹಿಡಿದು 'ತ' ಅನ್ನಿಸಿ, ಆಮೇಲೆ ಉಸಿರು ಬಿಟ್ಟು 'ಥ' ಅನ್ನಿಸಿ. 'ಥ' ಅಂದಾಗ ಕಾಗದ ಹಾರುತ್ತದೆ. ಅವಳು ಸಂಜೆಯಿಡೀ ಅದನ್ನೇ ಆಡಿದಳು. ಪದ ಹೇಳಿಕೊಡುವಾಗ ನೀವೂ ಆ ಉಸಿರು ಬಿಟ್ಟೇ ಹೇಳಬೇಕು. ನಾನು ಮೊದಲು 'ಬಾಗ' ಅಂತ ಓದಿಕೊಟ್ಟು, 'ಭಾಗ' ಯಾಕೆ ಬರೆಯಲಿಲ್ಲ ಅಂತ ಕೇಳುತ್ತಿದ್ದೆ.

ಎರಡನೆಯದು ಅರ್ಕಾವತ್ತು. ಬಾಯಲ್ಲಿ 'ರ್' ಮೊದಲು ಬರುತ್ತದೆ, ಹಾಳೆಯ ಮೇಲೆ 'ಥ' ಆದ ಮೇಲೆ. ಅದಕ್ಕೇ 'ತೀಥ್ರ' ಅಂತ ಬರೆಯುತ್ತಿದ್ದಳು. 'ಮೊದಲು ಹೇಳು, ಆಮೇಲೆ ಬರೆ' ಅಂತ ಒಂದೇ ಸೂತ್ರ ಮಾಡಿಕೊಂಡೆವು. ಸೂರ್ಯ, ವರ್ಷ, ತೀರ್ಥ ಒಟ್ಟಿಗೆ ಕಲಿತಳು.

ಹ್ರಸ್ವ, ದೀರ್ಘ, ಒತ್ತಕ್ಷರಕ್ಕೆ ಬಸ್ಸಿನ ಬೋರ್ಡಿಗಿಂತ ಒಳ್ಳೆಯ ಪುಸ್ತಕ ಬೇರೆ ಇಲ್ಲ. 'ಗೋಣಿಕೊಪ್ಪಲು' ನೋಡಿ: 'ಗೋ' ದೀರ್ಘ, 'ಕೊ' ಹ್ರಸ್ವ, ನಡುವೆ 'ಣ', ಆಮೇಲೆ 'ಪ್ಪ'. 'ಶನಿವಾರಸಂತೆ'ಯಲ್ಲಿ 'ಶ'ವೂ ಇದೆ, 'ಸ'ವೂ ಇದೆ. 'ಭಾಗಮಂಡಲ'ದ 'ಭ' ಅವಳಿಗೆ ಈಗ ಆಸರೆ. ಹೊಸ ಪದ ಬಂದಾಗ "ಭಾಗಮಂಡಲದ ಭ ಅಲ್ವಾ?" ಅಂತ ಕೇಳುತ್ತಾಳೆ.

ಇಂಗ್ಲಿಷಿಗೆ ಈ ದಾರಿ ಪೂರ್ತಿ ನಡೆಯುವುದಿಲ್ಲ. ಅಲ್ಲಿ ಬಾಯಿ ಹೇಳುವುದು ಒಂದು, ಬರೆಯುವುದು ಇನ್ನೊಂದು. ಹಾಗಾಗಿ ಕಲಿಯುವಾಗ ಮಾತ್ರ, ಬರೆದ ಹಾಗೆ ಓದಿಸಿ: ಬುಧವಾರದ ಹೆಸರನ್ನು 'ವೆಡ್-ನೆಸ್-ಡೇ' ಅಂತ, ಫ್ರೆಂಡನ್ನು 'ಫ್ರಿ-ಎಂಡ್' ಅಂತ. ಲೈಟ್, ನೈಟ್, ರೈಟ್‌ನಂಥ ಒಂದೇ ಬಳಗದ ಪದಗಳನ್ನು ಜೊತೆಯಲ್ಲೇ ಕೊಡಿ, ಜಿ-ಎಚ್ ಒಂದು ಸಲ ಹಿಡಿತಕ್ಕೆ ಸಿಕ್ಕಿದರೆ ಉಳಿದವು ಸುಲಭ.

ಶಾಲೆಯಿಂದ ಬರೆದುಕೊಂಡು ಬಂದ ಪಟ್ಟಿಯನ್ನು ಸೋಮವಾರವೇ ನೀವು ಒಮ್ಮೆ ಓದಿ. ನಾವು ಒಂದು ವಾರ ಪೂರ್ತಿ ತಪ್ಪು ಪದವನ್ನೇ ಗಟ್ಟಿ ಮಾಡಿಸಿದ್ದುಂಟು, ಬೋರ್ಡಿನಿಂದ ಇಳಿಸಿಕೊಂಡದ್ದೇ ತಪ್ಪಾಗಿತ್ತು. ಹೀಗೆ ಪದೇ ಪದೇ ಆದರೆ ಮಗನ ಕಣ್ಣನ್ನು ಡಾಕ್ಟರಿಗೆ ತೋರಿಸಿ.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಗೆ ಕರೆಂಟ್ ಹೋದ ಸಂಜೆ ಪುಸ್ತಕ ಹಿಡಿದು ಕೂರಿಸಬೇಡಿ. ಒಲೆ ಹತ್ತಿರ ಕೂತು ಅವನ ಬೆನ್ನ ಮೇಲೆ ಬೆರಳಿನಿಂದ ಅಕ್ಷರ ಬರೆಯಿರಿ, ಯಾವ ಪದ ಅಂತ ಅವನು ಹೇಳಲಿ. ಆಮೇಲೆ ಅವನು ನಿಮ್ಮ ಬೆನ್ನ ಮೇಲೆ ಬರೆಯಲಿ. ಮಗಳು ಬೆನ್ನ ಮೇಲೆ ಅರ್ಕಾವತ್ತು ಎಳೆಯುವಾಗ ಬೇಕಂತಲೇ ಜೋರಾಗಿ ಒತ್ತುತ್ತಾಳೆ, ನನಗೆ ತಪ್ಪದೆ ತಿಳಿಯಲಿ ಅಂತ.

ಶುಕ್ರವಾರ ಮನೆಗೆ ಬಂದಾಗ ಎಷ್ಟು ಮಾರ್ಕು ಅಂತ ಕೇಳುವ ಮೊದಲು ಕಾಫಿಯೋ ಹಾಲೋ ಕೊಡಿ. ತಪ್ಪಾದ ಪದಗಳಲ್ಲಿ ಎರಡನ್ನು ಅವನೇ ಆರಿಸಲಿ. ಅವೆರಡು ಮುಂದಿನ ಸೋಮವಾರದ ಪಟ್ಟಿಯ ಮೇಲ್ಭಾಗಕ್ಕೆ ಹೋಗಲಿ.